ವಾರ್ತೆ ಬಂದ ದಾರಿ

ರಾಜ್ಯೋತ್ಸವ ಸಂಚಿಕೆಗೆ ಒಂದು ಲೇಖನ ಬೇಕು, ಚರಿತ್ರೆಗೆ ಸಂಬಂಧಪಟ್ಟಿದ್ದರೆ ಇನ್ನೂ ಒಳ್ಳೆಯದು ಎಂದು ಸಂಘದ ಕಾರ್ಯದರ್ಶಿಗಳು ಹೇಳಿಕಳುಹಿಸಿದಾಗ ನಾವು ಸ್ವಲ್ಪ ಹಿಂಜರಿದೆವು. ನಾವು ಓದಿರುವುದು ಬಿ.ಕಾಂ.; ಮಾಡುತ್ತಿರುವುದು ಬ್ಯಾಂಕಿನ ಗುಮಾಸ್ತೆಗಿರಿ. ಕದಂಬರು, ಚಾಲುಕ್ಯರು, ಹೊಯ್ಸಳರು ಎಂದು ಬರೆಯತಕ್ಕ ವಿದ್ವಾಂಸರು ನಮ್ಮಲ್ಲಿ ಇದ್ದಾರೆ. ವರ್ಷವರ್ಷವೂ ಬರೆಯುತ್ತಲೂ ಇದ್ದಾರೆ. ನಮಗೆ ಶಾಸನವೆಂದರೆ ಚೆಕ್ಕಿನ ಮೇಲಿನ ಅಕ್ಷರ, ಲಾಂಛನವೆಂದರೆ ರಬ್ಬರ್ ಮುದ್ರೆ. ಆದರೂ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಈ ವಡಪಳನಿಯ ನೀರು ಕುಡಿದವರಾದ್ದರಿಂದ, ಊರು ಬಿಟ್ಟು ಬಂದ ಕನ್ನಡ ಮನೆಗಳಿಗೆ ಊರಿನ ವರ್ತಮಾನ ಯಾವ ಯಾವ ದಾರಿಯಿಂದ ಬರುತ್ತಿತ್ತು, ಈಗ ಯಾವ ದಾರಿಯಿಂದ ಬರುತ್ತಿದೆ ಎಂಬುದನ್ನು ಬರೆದರೆ ಅದೂ ಒಂದು ಬಗೆಯ ಚರಿತ್ರೆಯೇ ಆದೀತೆಂದು ತೋರಿತು. ಬರೆಯಲು ಬೇರೊಂದು ಕಾರಣವೂ ಉಂಟು. ಅದನ್ನು ಮುಂದೆ ಹೇಳುತ್ತೇವೆ; ಹೇಳದೆ ಇದ್ದರೆ ಈ ಲೇಖನ ಪ್ರಾಮಾಣಿಕವಾಗದು.

ಕನ್ನಡದ ಮೊದಲ ವೃತ್ತಪತ್ರಿಕೆ 'ಮಂಗಳೂರ ಸಮಾಚಾರ'ವೆಂಬುದು ನಮ್ಮ ಮಕ್ಕಳಿಗೂ ಗೊತ್ತು. ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ 1843ನೆಯ ಇಸವಿ ಜುಲೈ 1ರಂದು ಅದನ್ನು ಕಲ್ಲಚ್ಚಿನಲ್ಲಿ ಹೊರಡಿಸಿದನು. ತಿಂಗಳಿಗೆ ಎರಡು ಸಲ ಬರುತ್ತಿದ್ದ ಆ ಪತ್ರಿಕೆ ಮರುವರ್ಷ ಬಳ್ಳಾರಿಗೆ ಹೋಗಿ 'ಕಂನಡ ಸಮಾಚಾರ'ವಾಯಿತು. ಇದರಲ್ಲಿ ನಮಗೆ ಸ್ವಾರಸ್ಯವಾಗಿ ಕಾಣುವುದು ಇಷ್ಟೆ: ಆಗ ಮಂಗಳೂರೂ ಬಳ್ಳಾರಿಯೂ ಎರಡೂ ಮದರಾಸು ಸಂಸ್ಥಾನಕ್ಕೆ, ಎಂದರೆ ಮದರಾಸು ಪ್ರೆಸಿಡೆನ್ಸಿಗೆ, ಸೇರಿದ್ದವು. ಆದುದರಿಂದ ಕನ್ನಡದ ಮೊದಲ ಪತ್ರಿಕೆ ಮೈಸೂರಿನದಲ್ಲ, ಮದರಾಸಿನ ಆಡಳಿತದ ಕೂಸು ಎಂದು ನಾವು ಇಲ್ಲಿ ಕುಳಿತು ಸ್ವಲ್ಪ ಮೀಸೆ ತಿರುವಿದರೆ ತಪ್ಪಿಲ್ಲ.

ಪತ್ರಿಕೆ ಬಂದಮೇಲೆ 1867ರಲ್ಲಿ ಕಾಯಿದೆಯೂ ಬಂತು. ಅಚ್ಚಾದ ಪ್ರತಿಯೊಂದು ಪತ್ರಿಕೆಯ ಮೇಲೆಯೂ ಅಚ್ಚು ಹಾಕಿದವನು ಯಾರು, ಪ್ರಕಟಿಸಿದವನು ಯಾರು, ಅದು ಯಾವ ಸ್ಥಳದಲ್ಲಿ ಎಂಬುದು ಇರಲೇಬೇಕೆಂದು ಆ ಕಾಯಿದೆ ವಿಧಿಸಿತು. ಆಂಗ್ಲರು ಇದನ್ನು ಮಾಡಿದ್ದು ನಮ್ಮ ಉದ್ಧಾರಕ್ಕಾಗಿ ಅಲ್ಲ. ರಾಜದ್ರೋಹ ಬರೆದವನನ್ನು ಹಿಡಿಯಲು ವಿಳಾಸ ಬೇಕಾಗಿತ್ತು. ಉದ್ದೇಶ ಏನೇ ಇರಲಿ, ಕಡೆಯ ಪುಟದ ಅಡಿಯಲ್ಲಿ ಇರುವೆಸಾಲಿನಂತೆ ಕಾಣುವ ಆ ಎರಡು ಪಂಕ್ತಿಗಳು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿದು ಬಂದವು. ಆ ಕಾಯಿದೆಯ ಬದಲಿಗೆ 2023ರಲ್ಲಿ ಹೊಸ ಕಾಯಿದೆ ಬಂದಿತು. ನಾವು ಚಿಕ್ಕಂದಿನಲ್ಲಿ ಪತ್ರಿಕೆಯ ಎಲ್ಲವನ್ನೂ ಓದಿ ಮುಗಿಸಿ, ಓದಲು ಬೇರೇನೂ ಇಲ್ಲದಾಗ ಆ ಪಂಕ್ತಿಗಳನ್ನೂ ಓದುತ್ತಿದ್ದೆವು. ಅದಕ್ಕೊಂದು ಅರ್ಥವಿದೆಯೆಂದು ತಿಳಿಯುವುದಕ್ಕೆ ಬಹಳ ಕಾಲ ಹಿಡಿಯಿತು.

ಪತ್ರಿಕೆಗಳಿದ್ದ ಮಾತ್ರಕ್ಕೆ ಜನ ಪತ್ರಿಕೆಯಿಂದಲೇ ಸುದ್ದಿ ತಿಳಿಯುತ್ತಿದ್ದರೆಂದು ಭಾವಿಸಬಾರದು. ಮದರಾಸಿನ ಚರಿತ್ರೆಯಲ್ಲಿ ಬಾಯಿಮಾತಿನ ಸುದ್ದಿಗೆ ದೊಡ್ಡ ಸ್ಥಾನವಿದೆ. 1914ನೆಯ ಇಸವಿ ಸೆಪ್ಟೆಂಬರ್ 22ರ ರಾತ್ರಿ 'ಎಮ್ಡೆನ್' ಎಂಬ ಜರ್ಮನ್ ಯುದ್ಧನೌಕೆ ಬಂದರಿನ ಎದುರಿಗೆ ಬಂದು ನಿಂತು ಗುಂಡಿನ ಮಳೆಗರೆಯಿತು. ಬರ್ಮಾ ಆಯಿಲ್ ಕಂಪೆನಿಯ ಎಣ್ಣೆಯ ತೊಟ್ಟಿಗಳು ಹತ್ತಿ ಉರಿದವು, ಕೆಲವರು ಸತ್ತರು. ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿದು ಹಡಗು ಹೊರಟುಹೋಯಿತು. ಆದರೆ ಹಡಗು ಹೋದಮೇಲೆ ಮಾತು ಹುಟ್ಟಿತು: ಅದು ಮತ್ತೆ ಬರುತ್ತದೆ, ಈ ಸಲ ಊರನ್ನೇ ಸುಡುತ್ತದೆ. ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ರೈಲಿನಲ್ಲಿ, ಗಾಡಿಯಲ್ಲಿ, ಕಾಲುನಡಿಗೆಯಲ್ಲಿ ಊರು ಬಿಟ್ಟರು. ಎಮ್ಡೆನ್ ಮತ್ತೆ ಬರಲೇ ಇಲ್ಲ; ನವೆಂಬರ್ 9ರಂದು ಕೋಕೋಸ್ ದ್ವೀಪದ ಬಳಿ ಅದು ನಾಶವಾಯಿತು. ಮದರಾಸಿನಲ್ಲಿ ಉಳಿದದ್ದು ಹೆಸರು ಮಾತ್ರ. ತಮಿಳಿನಲ್ಲಿ ಈಗಲೂ ಮಹಾ ಚಾಣಾಕ್ಷನಾದವನನ್ನು 'ಎಮ್ಡನ್' ಎನ್ನುತ್ತಾರೆ. ನಮ್ಮ ಶಾಲೆಯ ಗಣಿತದ ಮೇಷ್ಟರಿಗೆ ಆ ಬಿರುದು ಇತ್ತು.

ಎರಡನೆಯ ಮಹಾಯುದ್ಧದಲ್ಲಿಯೂ ಇದೇ ಕಥೆ ನಡೆಯಿತು. ಆದರೆ ಅಲ್ಲಿ ಒಂದು ವ್ಯತ್ಯಾಸ. 1942ರ ಏಪ್ರಿಲ್ 6ರಂದು ಜಪಾನೀಯರು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದರು. ಜಪಾನಿನ ನೌಕಾಪಡೆ ಮದರಾಸಿನ ಕಡೆಗೇ ಬರುತ್ತಿದೆಯೆಂದು ಸರಕಾರವೇ ನಂಬಿತು. ಕೆಲಸವಿಲ್ಲದವರು ನಗರವನ್ನು ಬಿಡತಕ್ಕದ್ದೆಂದು ಹೇಳಿತು. ಸರಕಾರದ ಕಚೇರಿಗಳೇ ಒಳನಾಡಿನ ಊರುಗಳಿಗೆ ಹೊರಟವು. ಬಾಂಬು ಬಿದ್ದು ಪಂಜರ ಒಡೆದರೆ ಗತಿಯೇನೆಂದು ಮೃಗಶಾಲೆಯ ಸಿಂಹ ಮೊದಲಾದ ಪ್ರಾಣಿಗಳನ್ನು ಗುಂಡಿಕ್ಕಿ ಕೊಂದರು. ಆ ನೌಕಾಪಡೆ ಬರಲಿಲ್ಲ. ಇದನ್ನು ಏಕೆ ಹೇಳಿದೆವೆಂದರೆ, ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು ಬೀದಿಯಲ್ಲಿ ಮಾತ್ರ ಇರುವುದಿಲ್ಲ. ಮೊಹರು ಹಾಕುವ ಮೇಜಿನ ಹಿಂದೆಯೂ ಇರುತ್ತಾರೆ.

ಬಾಯಿಮಾತೆಲ್ಲ ಸುಳ್ಳೆಂದೂ ಹೇಳಲಾಗದು. ನಮ್ಮ ಕಸುಬಿಗೆ ಹತ್ತಿರದ ಉದಾಹರಣೆ ಕೊಡುತ್ತೇವೆ. 1906ರಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪೆನಿ ದಿವಾಳಿಯಾಯಿತು. ದೊಡ್ಡ ದೊರೆಗಳ ಕಂಪೆನಿ. ಸಣ್ಣಪುಟ್ಟ ಗುಮಾಸ್ತರು, ವಿಧವೆಯರು, ಪಿಂಚಣಿದಾರರು ತಮ್ಮ ಗಂಟನ್ನೆಲ್ಲ ಅಲ್ಲಿ ಇಟ್ಟಿದ್ದರು. ಅಕ್ಟೋಬರ್ 22ರಂದು ಅದರ ಬಾಗಿಲು ಮುಚ್ಚಿತು. ಅಲ್ಲಿ ಏನೋ ಸರಿಯಿಲ್ಲವೆಂಬ ಪಿಸುಮಾತಿಗೆ ಕಿವಿಗೊಟ್ಟು ಮುಂಚೆಯೇ ಹಣ ತೆಗೆದುಕೊಂಡವರು ಯಾರಾದರೂ ಇದ್ದಿದ್ದರೆ ಅವರು ಬದುಕಿದರು. ದೊರೆಗಳ ಗೌರವವನ್ನು ನಂಬಿದವರು ಮುಳುಗಿದರು. ಆ ನಷ್ಟದ ನೋವಿನಿಂದಲೇ ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರು ಸೇರಿ 1907ರಲ್ಲಿ ಇಂಡಿಯನ್ ಬ್ಯಾಂಕನ್ನು ಸ್ಥಾಪಿಸಿದರು. ಹೀಗಿರುವುದರಿಂದ, ವದಂತಿಯನ್ನು ಕೇಳಿದ ಕೂಡಲೆ ಮೂಗು ಮುರಿಯುವವರನ್ನು ಕಂಡರೂ ನಮಗೆ ಅಷ್ಟಾಗಿ ಭಕ್ತಿಯಿಲ್ಲ.

ಇನ್ನು ನಮ್ಮ ವಡಪಳನಿಗೆ ಬರೋಣ. ಈಗ ಮೆಟ್ರೋ ರೈಲಿನಿಂದ ಇಳಿದು ಮಾಲಿಗೆ ಹೋಗುವ ಹುಡುಗರಿಗೆ ಈ ಸ್ಥಳ ಕನ್ನಡಿಗರಿಗೆ ಏನಾಗಿತ್ತೆಂಬುದು ತಿಳಿಯಲಿಕ್ಕಿಲ್ಲ. ಕನ್ನಡ ಚಲಚ್ಚಿತ್ರಗಳು ಬಹುಕಾಲ ತಯಾರಾದದ್ದು ಇಲ್ಲಿಯೇ, ಆರ್ಕಾಟ್ ರಸ್ತೆಯ ಎರಡು ಮಗ್ಗುಲಿನ ಸ್ಟುಡಿಯೋಗಳಲ್ಲಿ. ಎ.ವಿ.ಎಂ. ಇತ್ತು, ನಾಗಿರೆಡ್ಡಿಯವರ ವಿಜಯಾ-ವಾಹಿನಿ ಇತ್ತು. 1954ರ 'ಬೇಡರ ಕಣ್ಣಪ್ಪ'ದಿಂದ ರಾಜಕುಮಾರರು ನಾಯಕರಾದರು. 1965ರಲ್ಲಿ ವಿಜಯಾ ಸಂಸ್ಥೆ ಅವರಿಂದ 'ಸತ್ಯ ಹರಿಶ್ಚಂದ್ರ'ವನ್ನು ಮಾಡಿಸಿತು. ಅದೇ ನಾಗಿರೆಡ್ಡಿ, ಚಕ್ರಪಾಣಿಯವರ 'ಚಂದಮಾಮ' 1947ರಲ್ಲಿ ತೆಲುಗು, ತಮಿಳುಗಳಲ್ಲಿ ಮೊದಲಾಗಿ ಆಮೇಲೆ ಕನ್ನಡದಲ್ಲಿಯೂ ಬಂದಿತು. ತೀರ್ಥಹಳ್ಳಿಯಲ್ಲಿಯೋ ತುಮಕೂರಿನಲ್ಲಿಯೋ ಕುಳಿತು ಬೇತಾಳನ ಕಥೆ ಓದಿದ ಎಷ್ಟೋ ಮಕ್ಕಳು ಆ ಪುಸ್ತಕ ಅಚ್ಚಾದದ್ದು ವಡಪಳನಿಯಲ್ಲಿ ಎಂಬುದನ್ನು ಕಡೆಯ ಪುಟದ ಆ ಇರುವೆಸಾಲಿನಿಂದಲೇ ತಿಳಿದಿರಬೇಕು.

ಸಿನಿಮಾದ ಹಿಂದೆಯೇ ಜನ ಬಂದರು. ನಟರು, ಸಾಹಿತಿಗಳು ಬಂದದ್ದನ್ನು ಎಲ್ಲರೂ ಬರೆದಿದ್ದಾರೆ. ದೀಪ ಹಿಡಿಯುವವರು, ಧ್ವನಿಯವರು, ಬಟ್ಟೆ ಹೊಲಿಯುವವರು, ಅಡಿಗೆಯವರು, ಲೆಕ್ಕ ಬರೆಯುವವರು ಬಂದದ್ದನ್ನು ಬರೆದವರು ಕಡಿಮೆ. ನಮ್ಮ ತಂದೆ ಬಂದದ್ದು ಹಾಸನದ ಕಡೆಯ ಒಂದು ಹಳ್ಳಿಯಿಂದ, ಒಂದು ಉಡುಪಿ ಹೋಟೆಲಿನಲ್ಲಿ ಲೆಕ್ಕ ಬರೆಯುವುದಕ್ಕೆ. ಅವರು ಹೇಳುತ್ತಿದ್ದ ಪ್ರಕಾರ ಆಗಿನ ವೃತ್ತಪತ್ರಿಕೆಯೆಂದರೆ ಹೋಟೆಲಿನ ಗಲ್ಲಾಪೆಟ್ಟಿಗೆ. ಬೆಂಗಳೂರಿನಿಂದ ಬೆಳಿಗ್ಗೆ ರೈಲಿಳಿದವನು ಮೊದಲು ಬರುತ್ತಿದ್ದದ್ದು ಅಲ್ಲಿಗೆ. ಇಡ್ಲಿ ತಿನ್ನುವುದರೊಳಗೆ ಮಳೆ, ಬೆಳೆ, ಮದುವೆ, ಮರಣ, ಮಂತ್ರಿಮಂಡಲ ಎಲ್ಲವನ್ನೂ ಹೇಳಿಬಿಡುತ್ತಿದ್ದನು. ಅಚ್ಚಾದ ಪತ್ರಿಕೆ, ಹೆಚ್ಚಾಗಿ 1948ರಲ್ಲಿ ಹುಟ್ಟಿದ 'ಪ್ರಜಾವಾಣಿ', ರೈಲಿನಲ್ಲಿ ಬಂದು ಅಂಗಡಿಗೆ ಸೇರುವಾಗ ಮಧ್ಯಾಹ್ನವಾಗುತ್ತಿತ್ತು. ಒಂದು ಪತ್ರಿಕೆಯನ್ನು ಆರು ಮನೆಯವರು ಓದುತ್ತಿದ್ದರು. ಆರನೆಯ ಮನೆಗೆ ಅದು ಬರುವ ಹೊತ್ತಿಗೆ ಪದಬಂಧವನ್ನು ಯಾರೋ ತುಂಬಿಸಿರುತ್ತಿದ್ದರೆಂಬುದೇ ನಮ್ಮ ತಾಯಿಯ ದೂರು. ತಮಿಳು ಅಕ್ಷರಗಳನ್ನು ನಮ್ಮ ತಂದೆ ಕಲಿತದ್ದು ಚಹದ ಅಂಗಡಿಯ 'ದಿನತಂತಿ'ಯ ದಪ್ಪಕ್ಷರದ ತಲೆಬರೆಹಗಳಿಂದ. ಹೀಗೆ ಒಂದೇ ಸಂಗತಿಯನ್ನು ಎರಡು ಭಾಷೆಗಳಲ್ಲಿ ಓದುವ ಅಭ್ಯಾಸ ಅವರಿಗೆ ಆಯಿತು. ಕಾವೇರಿಯ ವಿಷಯ ಬಂದಾಗ ಎರಡು ಪತ್ರಿಕೆಗಳನ್ನೂ ಮಗ್ಗುಲಲ್ಲಿ ಇಟ್ಟು, "ನೋಡು, ನದಿ ಒಂದೇ, ಇಲ್ಲಿ ಹರಿಯುವ ದಿಕ್ಕೇ ಬೇರೆ" ಎಂದು ನಗುತ್ತಿದ್ದರು.

ಆದುದರಿಂದ ಹಳೆಯ ಪತ್ರಿಕೆಗಳೆಲ್ಲ ಸತ್ಯಹರಿಶ್ಚಂದ್ರನ ಸಂತಾನವೆಂದು ನಾವು ವಾದಿಸುವುದಿಲ್ಲ. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಸರಕಾರ ಬೇಡವೆಂದುದನ್ನು ಪತ್ರಿಕೆಗಳು ಅಚ್ಚು ಹಾಕುವಂತಿರಲಿಲ್ಲ. ರೇಡಿಯೋ ಅಂತೂ ಸರಕಾರದ್ದೇ. 1984ರ ಅಕ್ಟೋಬರ್ 31ರಂದು ಬೆಳಿಗ್ಗೆ ಇಂದಿರಾ ಗಾಂಧಿಯವರ ಮೇಲೆ ಗುಂಡು ಹಾರಿತು; ಅವರು ತೀರಿಕೊಂಡರೆಂದು ಬಿ.ಬಿ.ಸಿ. ಹೇಳಿ ಎಷ್ಟೋ ಹೊತ್ತಾದಮೇಲೆ, ಸಂಜೆಗೆ, ನಮ್ಮ ಆಕಾಶವಾಣಿ ಬಾಯಿ ಬಿಟ್ಟಿತು. ಆ ಮೌನದ ಹೊತ್ತಿನಲ್ಲಿ ಜನ ಏನು ಮಾಡಬೇಕು? ಪಕ್ಕದವನ ಮಾತು ಕೇಳಬೇಕು. ವದಂತಿಗೆ ಹಾಲೆರೆಯುವುದು ಬಹಳ ಸಲ ಈ ಅಧಿಕೃತ ಮೌನವೇ.

ಅದು ನಮಗೆ ಸ್ವಂತ ಅನುಭವಕ್ಕೆ ಬಂದದ್ದು 1991ರ ಡಿಸೆಂಬರಿನಲ್ಲಿ; ಆಗ ನಾವು ತೀರ ಚಿಕ್ಕವರು. ಕಾವೇರಿ ನ್ಯಾಯಮಂಡಲಿ ಜೂನ್ 25ರಂದು 205 ಟಿ.ಎಂ.ಸಿ. ನೀರು ಬಿಡಬೇಕೆಂದು ಮಧ್ಯಂತರ ಆಜ್ಞೆ ಮಾಡಿತ್ತು. ಅದು ಡಿಸೆಂಬರ್ 11ರಂದು ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾಯಿತು. ಮಾರನೆಯ ದಿನದಿಂದ ಬೆಂಗಳೂರಿನಲ್ಲಿ ದೊಂಬಿ. ಅಲ್ಲಿ ತಮಿಳು ಮನೆಗಳಿಗೆ ಆದ ಅನ್ಯಾಯ ಕನ್ನಡಿಗರಾದ ನಾವು ತಲೆ ತಗ್ಗಿಸಬೇಕಾದಂಥದು. ಇಲ್ಲಿ ನಮ್ಮ ಮನೆಯಲ್ಲಿ ರಾತ್ರಿ ದೀಪ ಆರಿಸಿ ರೇಡಿಯೋದ ಕಿವಿ ತಿರುವುತ್ತಿದ್ದರು. ಬೆಂಗಳೂರು ನಿಲಯ ಮಧ್ಯಮ ತರಂಗದಲ್ಲಿ ರಾತ್ರಿಯ ಹೊತ್ತು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಹಗಲಿನಲ್ಲಿ ಬರಿಯ ಗೊರಗೊರ. 'ಪರಿಸ್ಥಿತಿ ಹತೋಟಿಯಲ್ಲಿದೆ' ಎಂದು ಅದು ಹೇಳುವುದು, 'ಹಾಗಾದರೆ ಇಲ್ಲ' ಎಂದು ನಮ್ಮ ತಂದೆ ಹೇಳುವುದು. ಅತ್ತೆಯ ಕಾಗದ ಬಂದದ್ದು ವಾರದ ಮೇಲೆ. ಸುದ್ದಿ ಬಾರದ ಆ ವಾರ ಹೇಗಿತ್ತೆಂಬುದನ್ನು ನಮ್ಮ ತಾಯಿ ಈಗಲೂ ಹೇಳುತ್ತಾರೆ. ಹೊಸ ಯಂತ್ರಗಳನ್ನು ಬೈಯುವವರು ಆ ವಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು.

1994ರಲ್ಲಿ ಉದಯ ಟಿ.ವಿ. ಬಂತು. ಕನ್ನಡದ ಮೊದಲ ಉಪಗ್ರಹ ವಾಹಿನಿ ಈ ಮದರಾಸಿನ ಸಂಸ್ಥೆಯೊಂದರ ಒಡೆತನದ್ದೆಂಬುದು ಮತ್ತೊಂದು ವಿನೋದ. ಡಬ್ಬಿಯಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿ ನಮ್ಮ ಬೀದಿಯ ಅಜ್ಜಿಯೊಬ್ಬರು ಅದಕ್ಕೆ ಆರತಿ ಎತ್ತಿದರು. ಆಮೇಲೆ 2000ನೆಯ ಇಸವಿ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜಕುಮಾರರನ್ನು ವೀರಪ್ಪನ್ ಅಪಹರಿಸಿದನು. 108 ದಿನಗಳು. ಕಾಡಿನಿಂದ ಸುದ್ದಿ ಬರುತ್ತಿದ್ದದ್ದು ಧ್ವನಿಸುರುಳಿಗಳಲ್ಲಿ. ಮೊದಲ ಸುರುಳಿಯನ್ನು ಪಾರ್ವತಮ್ಮನವರೇ ಮುಖ್ಯಮಂತ್ರಿ ಎಸ್. ಎಂ. ಕೃಷ್ಣರಿಗೆ ತಂದು ಮುಟ್ಟಿಸಿದರು. ಬಳಿಕ 'ನಕ್ಕೀರನ್' ಪತ್ರಿಕೆಯ ಸಂಪಾದಕ ಗೋಪಾಲರು ಹೋಗಿಬಂದು ಮಾಡಿದರು. ಸುರುಳಿಗೆ ಸುರುಳಿಗೆ ಮಧ್ಯೆ ಊರಿನಲ್ಲಿ ನೂರು ಕಥೆ. ವಡಪಳನಿಯ ಸಿನಿಮಾ ಮಂದಿಗೆ ರಾಜಕುಮಾರರು ಪರದೆಯ ಮೇಲಿನ ವ್ಯಕ್ತಿಯಲ್ಲ, ತಮ್ಮೊಡನೆ ಕುಳಿತು ಉಂಡವರು. ನಮ್ಮ ಬೀದಿಯಲ್ಲಿ ಧ್ವನಿವಿಭಾಗದಲ್ಲಿದ್ದ ರಾಯರೊಬ್ಬರಿದ್ದರು. ಯಾರಾದರೂ "ಹೀಗಂತೆ ರಾಯರೇ" ಎಂದು ಹೇಳಿಕೊಂಡು ಬಂದರೆ ಅವರು, "ಸುರುಳಿ ಕೇಳಿದೆಯೇನಪ್ಪಾ? ಕೇಳಿದವರನ್ನಾದರೂ ನೋಡಿದೆಯಾ?" ಎನ್ನುವರು. ನವೆಂಬರ್ 15ರಂದು ಬಿಡುಗಡೆಯಾದಾಗಲೂ ಅವರು ಟಿ.ವಿ.ಯಲ್ಲಿ ಮುಖ ಕಂಡಮೇಲೆಯೇ ಸಿಹಿ ಹಂಚಿದ್ದು. ಈ ರಾಯರನ್ನು ವಾಚಕರು ನೆನಪಿಟ್ಟಿರಬೇಕು.

ಕೈಫೋನು ಎಲ್ಲರ ಜೇಬಿಗೂ ಬಂದಮೇಲೆ ಸುದ್ದಿಯ ದಾರಿ ತಿರುಗಿತು. ಅದರ ಕೆಡುಕು ಮೊದಲು ದೊಡ್ಡದಾಗಿ ಕಂಡದ್ದು 2012ರ ಆಗಸ್ಟಿನಲ್ಲಿ. ಅಸ್ಸಾಮಿನ ಗಲಭೆಯ ಸೇಡು ತೀರಿಸುತ್ತಾರೆಂಬ ಕಿರುಸಂದೇಶಗಳು ಹರಡಿ, ಬೆಂಗಳೂರಿನಲ್ಲಿ ದುಡಿಯುತ್ತಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ಚೆನ್ನೈನಿಂದಲೂ ಹೊರಟರು. ಕೇಂದ್ರಸರಕಾರ ಹದಿನೈದು ದಿನ ರಾಶಿಸಂದೇಶಗಳನ್ನು ನಿಷೇಧಿಸಿ, ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಳುಹಿಸಕೂಡದೆಂದಿತು. ಎಮ್ಡೆನ್ನಿನ ಕಾಲದಲ್ಲಿ ಕಡೆಯ ಪಕ್ಷ ಒಂದು ಹಡಗಾದರೂ ಬಂದಿತ್ತು.

ಒಳಿತು ಕಂಡದ್ದು 2015ರ ಡಿಸೆಂಬರಿನಲ್ಲಿ. 1ನೆಯ ತಾರೀಖಿನ ಮಳೆಯನ್ನು ಕಂಡವರಿಗೆ ವರ್ಣನೆ ಬೇಕಿಲ್ಲ. ಅಡೆಯಾರು ನದಿ ಉಕ್ಕಿ ಜಾಫರ್‌ಖಾನ್‌ಪೇಟೆ ಮುಳುಗಿತು. ಕೆಲಸಗಾರರು ಮುದ್ರಣಾಲಯವನ್ನು ತಲುಪಲಾರದೆ, 1878ರಲ್ಲಿ ಹುಟ್ಟಿದ 'ದಿ ಹಿಂದೂ' ಪತ್ರಿಕೆಯ ಚೆನ್ನೈ ಮುದ್ರಣ 2ನೆಯ ತಾರೀಖು ಹೊರಡಲಿಲ್ಲ. ಯುದ್ಧ, ಚಂಡಮಾರುತಗಳಲ್ಲಿಯೂ ನಿಲ್ಲದ ಪತ್ರಿಕೆ ಅಂದು ನಿಂತಿತು. ಆ ದಿನ ಈ ನಗರಕ್ಕೆ ಪತ್ರಿಕೆಯಾದದ್ದು ಫೋನಿನ ಪುಟ್ಟ ಕಿಟಕಿ. ಯಾವ ಬೀದಿಯಲ್ಲಿ ಎಷ್ಟು ನೀರು, ಎಲ್ಲಿ ದೋಣಿ, ಎಲ್ಲಿ ಅನ್ನ, ಯಾರ ಮನೆಯ ಮಹಡಿಯಲ್ಲಿ ಜಾಗವಿದೆ ಎಂದು ಗುರುತೇ ಇಲ್ಲದ ಹುಡುಗರು ಪಟ್ಟಿ ಮಾಡಿ ಹಂಚಿದರು. ನಮ್ಮ ಕನ್ನಡ ಮನೆಗಳ ವಾಟ್ಸಾಪ್ ಗುಂಪು ಹುಟ್ಟಿದ್ದು ಆ ವಾರ, ಹಾಲಿನ ಪುಡಿ ಹಂಚುವುದಕ್ಕೆಂದು. ಹತ್ತಿರ ಹತ್ತಿರ ಅರವತ್ತು ಮನೆಗಳು. ಅದರಲ್ಲಿ ಬಂದ ಮಾತೆಲ್ಲ ನಿಜವಾಗಿತ್ತು. ಏಕೆಂದರೆ ಬರೆದವನು ಸೊಂಟದಮಟ್ಟ ನೀರಿನಲ್ಲಿ ನಿಂತು ಬರೆದಿದ್ದನು. ಆ ನಂಬಿಕೆಯನ್ನೇ ನಾವು ಮುಂದಿನ ವರ್ಷಕ್ಕೂ ಒಯ್ದೆವು. ಕೆಟ್ಟದ್ದು ಅಲ್ಲಿ.

2016ರ ಸೆಪ್ಟೆಂಬರ್ 5ರಂದು, ಸೆಕೆಂಡಿಗೆ 15,000 ಘನ ಅಡಿಯಂತೆ ಹತ್ತು ದಿನ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ಆಜ್ಞಾಪಿಸಿತು. 12ರಂದು ಅದನ್ನು 12,000ಕ್ಕೆ ಇಳಿಸಿ 20ನೆಯ ತಾರೀಖಿನವರೆಗೆ ಮುಂದುವರಿಸಿತು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಫೇಸ್‌ಬುಕ್ಕಿನ ಬರೆಹಕ್ಕಾಗಿ ಒಬ್ಬ ತಮಿಳು ಹುಡುಗನನ್ನು ಹೊಡೆದ ಚಿತ್ರಸುರುಳಿ ಈ ಕಡೆಗೂ, ರಾಮೇಶ್ವರದಲ್ಲಿ ಕರ್ನಾಟಕದ ಗಾಡಿಯ ಚಾಲಕನನ್ನು ಹೊಡೆದ ಚಿತ್ರಸುರುಳಿ ಆ ಕಡೆಗೂ ಓಡಾಡಿದವು. ಎರಡೂ ನಿಜವೇ. 12ನೆಯ ತಾರೀಖು ಸೋಮವಾರ ಬೆಳಗಿನ ಜಾವ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬು ಬಿತ್ತು, ಅದೂ ನಿಜ. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನಲ್ಲಿ ತಮಿಳುನಾಡಿನ ಹತ್ತಾರು ಬಸ್ಸುಗಳು ಉರಿದವು. ನಾಲ್ಕು ನಿಜಗಳ ಹಿಂದೆ ಐದನೆಯದಾಗಿ ಒಂದು ಸುಳ್ಳು ಬಂದರೆ ಗುರುತಿಸುವವರು ಯಾರು?

ಸಂಜೆ ಐದೂವರೆಗೆ ನಾವು ಬ್ಯಾಂಕಿನಲ್ಲಿ ದಿನದ ಲೆಕ್ಕ ಮುಗಿಸುತ್ತಿದ್ದಾಗ ನೆಂಟರೊಬ್ಬರಿಂದ ಒಂದು ಸಂದೇಶ ಬಂತು: 'ಈ ರಾತ್ರಿ ವಡಪಳನಿ, ಸಾಲಿಗ್ರಾಮಗಳಲ್ಲಿ ಕನ್ನಡದವರ ಮನೆಗಳಿಗೆ ಗುರುತು ಹಾಕಿದ್ದಾರೆ. ರೇಷನ್ ಅಂಗಡಿಯಿಂದ ಪಟ್ಟಿ ತೆಗೆದಿದ್ದಾರೆ. ದಯವಿಟ್ಟು ಎಲ್ಲರಿಗೂ ತಿಳಿಸಿ.' ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಒಬ್ಬನು ಬರೆದುದನ್ನು ಇನ್ನೊಬ್ಬನು ನೋಡಿ ಒಪ್ಪಿಗೆ ಹಾಕದ ಹೊರತು ಐನೂರು ರೂಪಾಯಿಯೂ ಒಂದು ಖಾತೆಯಿಂದ ಮತ್ತೊಂದಕ್ಕೆ ಕದಲದು. ಅಂಥ ನಿಯಮವನ್ನು ದಿನವೂ ಪಾಲಿಸುವ ನಾವು, ಸಹಿಯಿಲ್ಲದ, ತಾರೀಖಿಲ್ಲದ, ವಿಳಾಸವಿಲ್ಲದ ಆ ಮಾತನ್ನು ಒಂದು ಬೆರಳು ಒತ್ತಿ ಅರವತ್ತು ಮನೆಗಳಿಗೆ ದಾಟಿಸಿದೆವು. ಉಪಕಾರವೆಂದೇ ಮಾಡಿದೆವು. ಮಾಡಿ, ಮತ್ತೆ ತಲೆ ಬಗ್ಗಿಸಿ ಲೆಕ್ಕ ಕೂಡಿಸುತ್ತ ಕುಳಿತೆವು.

ರಾಯರಿಗೆ ಆಗ ಎಪ್ಪತ್ತಾರು ವರ್ಷ. ಅವರು ಸುಮ್ಮನಿದ್ದರೂ ಬೆಂಗಳೂರಿನಲ್ಲಿದ್ದ ಮಗ ಬಿಡಲಿಲ್ಲ. ನಮ್ಮ ಸಂದೇಶ ಯಾರಿಂದಲೋ ಅವರಿಗೆ ತಲುಪಿತ್ತು. ಏಳು ಗಂಟೆಗೆ ಮುದುಕ ಮುದುಕಿ ಇಬ್ಬರೂ ಆಟೋ ಹತ್ತಿ ಅಂಬತ್ತೂರಿನ ನೆಂಟರ ಮನೆಗೆ ಹೊರಟರು. ಅವಸರದಲ್ಲಿ ಸಕ್ಕರೆಯ ಕಾಯಿಲೆಯ ಔಷಧಿಯ ಡಬ್ಬಿ ಇಲ್ಲಿಯೇ ಉಳಿಯಿತು. ಎರಡನೆಯ ದಿನ ರಾಯರು ಎಚ್ಚರ ತಪ್ಪಿದರು; ಮೂರು ದಿನ ಆಸ್ಪತ್ರೆಯಲ್ಲಿದ್ದರು. ದೇವರ ದಯೆಯಿಂದ ಚೇತರಿಸಿಕೊಂಡರು.

ನಮ್ಮ ಬೀದಿಯಲ್ಲಿ ಆ ರಾತ್ರಿ ಏನೂ ಆಗಲಿಲ್ಲ. ಪಟ್ಟಿಯೂ ಇಲ್ಲ, ಗುರುತೂ ಇಲ್ಲ. ಆ ಮನೆಯ ಎದುರಿಗೆ ಇಸ್ತ್ರಿ ಬಂಡಿ ಇಟ್ಟುಕೊಂಡಿದ್ದ ತಮಿಳಿನವನು, ಬೀಗ ಹಾಕಿದ ಮನೆಯೆಂದು ತಾನಾಗಿಯೇ ಮೂರು ರಾತ್ರಿ ಜಗಲಿಯ ಮೇಲೆ ಮಲಗಿ ಕಾದನು. ಅದು ಯಾರ ಫೋನಿನಲ್ಲಿಯೂ ಸುದ್ದಿಯಾಗಲಿಲ್ಲ.

ರಾಯರನ್ನು ನೋಡಲು ಹೋದಾಗ ಅವರು ಬೈಯಲಿಲ್ಲ. "ನಿನಗೆ ಯಾರು ಹೇಳಿದರಪ್ಪಾ?" ಎಂದು ಮಾತ್ರ ಕೇಳಿದರು. ನೆಂಟರ ಹೆಸರು ಹೇಳಿದೆವು. "ಅವರಿಗೆ?" ಎಂದರು. ಆ ಪ್ರಶ್ನೆಯನ್ನು ಹಿಡಿದು ನಾವು ಹಿಂದೆ ಹಿಂದೆ ಹೋದೆವು. ನೆಂಟರಿಗೆ ಕೃಷ್ಣರಾಜಪೇಟೆಯ ಅವರ ಷಡ್ಡಕರಿಂದ. ಅವರಿಗೆ ಮಂಡ್ಯದ ಸ್ನೇಹಿತರಿಂದ. ಅವರಿಗೆ ಯಾವುದೋ ಗುಂಪಿನಿಂದ. ಅಲ್ಲಿಗೆ ದಾರಿ ಮುಗಿಯಿತು. ಈ ಸರಪಳಿಯಲ್ಲಿ ವಡಪಳನಿಯನ್ನು ಕಣ್ಣಿನಿಂದ ಕಂಡವರು ನಾವೊಬ್ಬರೇ. ಬಾಗಿಲು ತೆಗೆದು ಬೀದಿ ನೋಡಿದ್ದರೆ ಸಾಕಾಗಿತ್ತು. ಅದೇ ದಿನ ಬೆಂಗಳೂರಿನ ತಮಿಳು ಮನೆಗಳಿಗೂ ಇಂಥವೇ ಸಂದೇಶಗಳು ಹೋಗಿದ್ದವೆಂದು ಆಮೇಲೆ ಅಲ್ಲಿಯ ಶಾಖೆಯ ತಮಿಳು ಮಿತ್ರರೊಬ್ಬರು ಹೇಳಿದರು. ಊರಿನ ಹೆಸರು ಮಾತ್ರ ಬೇರೆ.

ಇದಾದಮೇಲೆ ನಮಗೆ ಬ್ಯಾಂಕಿನ ಗೂಡಿನಲ್ಲಿಯೇ ಪಾಠ ನಡೆಯಿತು. ಹತ್ತು ರೂಪಾಯಿಯ ನಾಣ್ಯ ಚಲಾವಣೆಯಲ್ಲಿಲ್ಲವೆಂಬ ಪುಕಾರು ತಮಿಳುನಾಡಿನಲ್ಲೆಲ್ಲ ಹಬ್ಬಿತು. ಕಂಡಕ್ಟರು ತೆಗೆದುಕೊಳ್ಳನು, ಅಂಗಡಿಯವನು ತೆಗೆದುಕೊಳ್ಳನು. ಕೊನೆಗೆ ರಿಸರ್ವ್ ಬ್ಯಾಂಕು 2018ರ ಜನವರಿ 17ರಂದು, 14 ಬಗೆಯ ನಾಣ್ಯಗಳೂ ಸಾಧುವಾದವುಗಳೇ ಎಂದು ಪ್ರಕಟಣೆ ಕೊಟ್ಟಿತು. ಅದನ್ನು ಗೋಡೆಗೆ ಅಂಟಿಸಿದ್ದೆವು. ಸೊಪ್ಪು ಮಾರುವ ಹೆಂಗಸೊಬ್ಬಳು ಬಟ್ಟೆಯ ಚೀಲದಲ್ಲಿ ಇನ್ನೂರು ಚಿಲ್ಲರೆ ನಾಣ್ಯ ಕಟ್ಟಿಕೊಂಡು ಬಂದು, ಇವನ್ನು ಏನಾದರೂ ಮಾಡಿಕೊಡಿರೆಂದು ಅತ್ತಳು. ಪ್ರಕಟಣೆಯನ್ನು ಓದಿ ಹೇಳಿದೆವು. "ಫೋನ್‌ಲೆ ಪೋಟ್ಟಿರುಕ್ಕಾಂಗ ಸಾರ್" ಎಂದಳು. ರಿಸರ್ವ್ ಬ್ಯಾಂಕಿನ ಮುದ್ರೆ ಗೋಡೆಯ ಮೇಲಿತ್ತು. ಫೋನಿನ ಮಾತು ಮನಸ್ಸಿನಲ್ಲಿತ್ತು.

ನಾಣ್ಯದ ಮಾತಿನಿಂದ ಜೀವ ಹೋಗಲಿಲ್ಲ. ಅದೇ 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶಗಳಿಂದ ಹೋಯಿತು. ಮೇ ತಿಂಗಳಿನಲ್ಲಿ ತಿರುವಣ್ಣಾಮಲೆ ಜಿಲ್ಲೆಯಲ್ಲಿ, ಚೆನ್ನೈನಿಂದ ಕುಲದೇವರ ದರ್ಶನಕ್ಕೆ ಹೋಗಿದ್ದ ವೃದ್ಧೆಯೊಬ್ಬರು ಮಕ್ಕಳಿಗೆ ಚಾಕೊಲೇಟು ಕೊಟ್ಟರೆಂದು ಜನ ಹೊಡೆದು ಕೊಂದರು. ಅದೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಕೂಲಿಯ ಹುಡುಗನೊಬ್ಬ ಸತ್ತನು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರು. ಅಲ್ಲಿಯೂ ಮಕ್ಕಳಿಗೆ ಕೊಟ್ಟದ್ದು ಚಾಕೊಲೇಟು. ಆಮೇಲೆ ವಾಟ್ಸಾಪಿನವರು ಒಂದು ಸಂದೇಶವನ್ನು ಐದು ಕಡೆಗಿಂತ ಹೆಚ್ಚಿಗೆ ಒಮ್ಮೆಗೆ ದಾಟಿಸಲಾಗದಂತೆ ಮಾಡಿದರು. 2020ರಲ್ಲಿ, ಬಹಳ ಕೈ ದಾಟಿ ಬಂದದ್ದನ್ನು ಒಂದೇ ಕಡೆಗೆ ಎಂದರು. ಇದು 1867ರ ಕಾಯಿದೆಯಷ್ಟು ಗಟ್ಟಿಯೇ? ನಮಗೆ ಹಾಗೆ ತೋರದು. ಎಷ್ಟು ಮಂದಿಗೆ ಎಂಬುದಕ್ಕೆ ಮಿತಿ ಬಂತು. ಯಾರಿಂದ ಎಂಬುದು ಹಾಗೆಯೇ ಉಳಿಯಿತು.

2020ರ ಮಾರ್ಚಿನ ದಿಗ್ಬಂಧನದಲ್ಲಿ ಕಾಗದದಿಂದ ರೋಗ ಅಂಟೀತೆಂದು ಹೆದರಿ ಅನೇಕರು ಪತ್ರಿಕೆಯನ್ನು ನಿಲ್ಲಿಸಿದರು. ನಮ್ಮ ಮನೆಯಲ್ಲಿಯೂ ನಿಂತಿತು. ಮತ್ತೆ ಹಾಕಿಸಲಿಲ್ಲ. ಕನ್ನಡ ಪತ್ರಿಕೆಗಳನ್ನು ಈಗ ಬೆಳಗಿನ ಕಾಫಿಗೆ ಮುಂಚೆ ಫೋನಿನಲ್ಲಿಯೇ ಓದುತ್ತೇವೆ. ನಮ್ಮ ತಂದೆಗೆ ಮಧ್ಯಾಹ್ನದ ರೈಲಿನಲ್ಲಿ ಬರುತ್ತಿದ್ದದ್ದು ನಮಗೆ ಬೆಂಗಳೂರಿನವರಿಗಿಂತ ತಡವಾಗುವುದಿಲ್ಲ. ನಷ್ಟವಾಯಿತೆಂದು ಹೇಳಲು ಬಾಯಿ ಬಾರದು. ಆದರೆ ನಮ್ಮ ಮಕ್ಕಳು ಆ ಪತ್ರಿಕೆಯನ್ನೂ, ಅದರ ಕೆಳಗೆ ಬರುವ ಗುಂಪಿನ ಮಾತನ್ನೂ ಒಂದೇ ಬೆರಳಿನಿಂದ, ಒಂದೇ ಗಾಜಿನ ಮೇಲೆ ಸರಿಸುತ್ತಾರೆ. ಇರುವೆಸಾಲು ಯಾವುದಕ್ಕಿದೆ, ಯಾವುದಕ್ಕಿಲ್ಲ ಎಂಬುದು ಅಲ್ಲಿ ಕಣ್ಣಿಗೆ ಬೀಳುವುದಿಲ್ಲ.

ರಾಯರು 2017ರಲ್ಲಿ ಮನೆ ಮಾರಿ ಮಗನ ಬಳಿಗೆ, ಬೆಂಗಳೂರಿಗೆ, ಹೊರಟುಹೋದರು. ನಲವತ್ತೈದು ವರ್ಷ ಇಲ್ಲಿದ್ದವರು. ವಯಸ್ಸಾಯಿತು, ಮಗ ಕರೆಯುತ್ತಿದ್ದಾನೆ ಎಂದರು. ಬೇರೆ ಕಾರಣ ಹೇಳಲಿಲ್ಲ. ನಾವೂ ಕೇಳುವ ಧೈರ್ಯ ಮಾಡಲಿಲ್ಲ. ಅವರಿಗೆ ಈಗ ಬೇಕಾದದ್ದು ಇಲ್ಲಿಯ ಸುದ್ದಿ. ಸ್ಟುಡಿಯೋ ಗೋಡೆ ಇನ್ನೂ ಇದೆಯೇ, ಇಸ್ತ್ರಿಯವನ ಮಗಳ ಮದುವೆ ಆಯಿತೇ ಎಂದು ಫೋನು ಮಾಡುತ್ತಾರೆ. 2022ರ ಜನವರಿ 23ರಂದು ವಡಪಳನಿ ಮುರುಗನ ಗುಡಿಗೆ ಕುಂಭಾಭಿಷೇಕವಾಯಿತು. ಸಾಂಕ್ರಾಮಿಕದ ಕಾರಣ ಭಕ್ತರನ್ನು ಒಳಗೆ ಬಿಡಲಿಲ್ಲ. ನಾವು ಪಕ್ಕದ ಮಹಡಿಮನೆಯ ತಾರಸಿಗೆ ಹೋಗಿ ನಿಂತು ಗೋಪುರದ ಚಿತ್ರವೊಂದನ್ನು ತೆಗೆದು ರಾಯರಿಗೆ ಕಳುಹಿಸಿದೆವು. ಎರಡು ನಿಮಿಷಕ್ಕೆ ಅವರ ಫೋನು ಬಂತು.

"ಚಿತ್ರ ಬಂತಪ್ಪಾ. ಇದು ನೀನೇ ತೆಗೆದದ್ದೋ, ಯಾರಾದರೂ ಕಳಿಸಿದ್ದೋ?"

"ನಾವೇ ತೆಗೆದದ್ದು ರಾಯರೇ. ತಾರಸಿಯ ಮೇಲೇ ಇದ್ದೇವೆ."

"ಹಾಗಾದರೆ ಸರಿ. ತಾಳು, ಇವಳಿಗೂ ತೋರಿಸುತ್ತೇನೆ" ಎಂದರು.